ಹ್ಯೂಸ್ಮಾನ್ಸನ ಮರಳಿಕೆಯೂ ಅವನ ವಾಚಕರೂ

ಫ್ರೆಂಚ್ ಕಾದಂಬರಿಕಾರನಾದ ಜೋರಿಸ್-ಕಾರ್ಲ್ ಹ್ಯೂಸ್ಮಾನ್ಸನು 1895ರಲ್ಲಿ 'ಆಂ ರೂತ್' ಎಂಬ ಗ್ರಂಥವನ್ನು ಪ್ರಕಟಿಸಿದಾಗ ಪ್ಯಾರಿಸ್ ನಗರದ ಓದುಗರಿಗೆ ಉಂಟಾದ ಆಶ್ಚರ್ಯ ಅಷ್ಟಿಷ್ಟಲ್ಲ. ಕೇವಲ ನಾಲ್ಕು ವರ್ಷಗಳ ಹಿಂದೆ ಅದೇ ಲೇಖನಿಯಿಂದ 'ಲಾ-ಬಾ' ಎಂಬ ಕಾದಂಬರಿ ಹೊರಟಿತ್ತು. ಸೈತಾನನ ಆರಾಧನೆ, ಕ್ರೈಸ್ತರ ಬಲಿಪೂಜೆಯನ್ನು ತಲೆಕೆಳಗು ಮಾಡಿ ನಡೆಸುವ ಕರಾಳಪೂಜೆ, ಮಕ್ಕಳನ್ನು ಹಿಂಸಿಸಿ ಕೊಂದ ಹದಿನೈದನೆಯ ಶತಮಾನದ ಸರದಾರ ಜಿಲ್ ದ ರೇಯ ಚರಿತ್ರೆ, ಇವು ಅದರ ವಸ್ತು. ರೈಲುನಿಲ್ದಾಣಗಳ ಪುಸ್ತಕದಂಗಡಿಗಳಲ್ಲಿ ಅದನ್ನು ಮಾರಕೂಡದೆಂದು ತಡೆಯಲಾಗಿತ್ತು. ಈಗ ಹೊಸ ಗ್ರಂಥದಲ್ಲಿ ಅದೇ ನಾಯಕ ದುರ್ತಾಲನು ಟ್ರಾಪಿಸ್ಟ್ ಸಂನ್ಯಾಸಿಗಳ ಮಠವೊಂದರಲ್ಲಿ ಮೊಣಕಾಲೂರಿ ಪಾಪನಿವೇದನೆ ಮಾಡುತ್ತಿದ್ದಾನೆ! ಮಾರ್ಜಾಲಸಂನ್ಯಾಸವೆಂದು ನಕ್ಕವರು ಹಲವರು. ಪವಿತ್ರವಾದುದಕ್ಕೆ ಕೊಳೆಗೈ ತಾಗಿತೆಂದು ಮುನಿದವರು ಹಲವರು. ಪುಸ್ತಕವನ್ನು ಮಾತ್ರ ಎಲ್ಲರೂ ಕೊಂಡು ಓದಿದರು.

ಹ್ಯೂಸ್ಮಾನ್ಸನು ಹುಟ್ಟಿದುದು 1848ರಲ್ಲಿ, ಪ್ಯಾರಿಸ್ಸಿನಲ್ಲಿ. ತಂದೆ ಹಾಲೆಂಡಿನವನು, ಕಲ್ಲಚ್ಚಿನ ಚಿತ್ರಗಾರ. ಮಗನಿಗೆ ಎಂಟು ವರ್ಷವಾಗಿದ್ದಾಗ ಅವನು ತೀರಿಕೊಂಡನು. ತಾಯಿ ಬೇಗನೆ ಮರುಮದುವೆಯಾದಳು. ಶಿಶುವಿಗೆ ಕ್ಯಾಥೊಲಿಕ್ ವಿಧಿಯಂತೆ ಜ್ಞಾನಸ್ನಾನವಾಗಿತ್ತು. ಪ್ರಾಯ ಬಂದಂತೆ ಶ್ರದ್ಧೆ ತಾನೇ ಕಳಚಿಬಿದ್ದಿತು. ಆದಕಾರಣ ಅವನದು ಮತಾಂತರವಲ್ಲ, ಮರಳಿಕೆ. 1866ರಿಂದ 1898ರ ವರೆಗೆ 32 ವರ್ಷ ಅವನು ಒಳಾಡಳಿತದ ಮಂತ್ರಿಶಾಖೆಯಲ್ಲಿ ಗುಮಾಸ್ತೆಗಿರಿ ಮಾಡಿದನು. ಕರಾಳಪೂಜೆಯನ್ನು ವರ್ಣಿಸುತ್ತಿದ್ದ ಕಾಲದಲ್ಲಿಯೂ ಆತನ ಸಂಬಳ ಸರಕಾರದ ಬೊಕ್ಕಸದಿಂದಲೇ ಬರುತ್ತಿತ್ತೆಂಬುದು ನೆನಪಿಡತಕ್ಕ ಮಾತು. ಸಾಹಿತ್ಯದಲ್ಲಿ ಆತನು ಮೊದಲು ಎಮಿಲ್ ಜೋಲಾನ ಬಳಗದವನು. 1880ರಲ್ಲಿ ಆ ಬಳಗದವರು ಕೂಡಿ ಹೊರಡಿಸಿದ ಕಥಾಸಂಗ್ರಹದಲ್ಲಿ ಇವನದೂ ಒಂದು ಕಥೆಯುಂಟು. ಕಂಡುದನ್ನು ಕಂಡಂತೆ, ಕೊಳಕನ್ನು ಕೊಳಕಾಗಿಯೇ ಬರೆಯುವ ನಿಸರ್ಗವಾದವು ಆಗ ಅವನ ದೀಕ್ಷೆ.

1884ರ 'ಆ ರಬೂರ್' ಆ ದೀಕ್ಷೆಯನ್ನು ಮುರಿಯಿತು. ದೆ ಜೆಸೇಂತ್ ಎಂಬ ಶ್ರೀಮಂತನು ಲೋಕದಿಂದ ಹೇಸಿ, ಊರಾಚೆಯ ಮನೆಯಲ್ಲಿ ಒಬ್ಬಂಟಿಯಾಗಿ, ಬಣ್ಣ, ಪರಿಮಳ, ಮದ್ಯ, ಹಳೆಯ ಲ್ಯಾಟಿನ್ ಗ್ರಂಥ ಇವುಗಳಿಂದಲೇ ಒಂದು ಕೃತಕಲೋಕವನ್ನು ಕಟ್ಟಿಕೊಳ್ಳುತ್ತಾನೆ. ಬದುಕಿರುವ ಆಮೆಯೊಂದರ ಚಿಪ್ಪಿಗೆ ಚಿನ್ನದ ಲೇಪ ಹಾಕಿಸಿ ರತ್ನಗಳನ್ನು ಕೂಡಿಸುತ್ತಾನೆ. ಆಮೆ ಭಾರ ತಾಳಲಾರದೆ ಸಾಯುತ್ತದೆ. ಇಡೀ ಗ್ರಂಥದ ತಾತ್ಪರ್ಯ ಆ ಆಮೆಯಲ್ಲಿದೆ. ನಿಸರ್ಗವಾದಕ್ಕೆ ದೊಡ್ಡ ಪೆಟ್ಟು ಕೊಟ್ಟೆಯೆಂದು ಜೋಲಾನು ಆಕ್ಷೇಪಿಸಿದನಂತೆ. ವೃದ್ಧ ವಿಮರ್ಶಕನಾದ ಬಾರ್ಬೆ ದೊರೆವಿಯ್ಯಿ ಮಾತ್ರ ಬೇರೊಂದನ್ನು ಕಂಡನು. ಇಂತಹ ಗ್ರಂಥವನ್ನು ಬರೆದವನಿಗೆ ಆತ್ಮಹತ್ಯೆ ಅಥವಾ ಕ್ರಿಸ್ತನ ಪಾದ, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳದೆ ಗತ್ಯಂತರವಿಲ್ಲವೆಂಬುದು ಅವನ ಅಭಿಪ್ರಾಯ. ಹನ್ನೊಂದು ವರ್ಷಗಳ ಮೇಲೆ ಅದು ಭವಿಷ್ಯವಾಣಿಯೆನಿಸಿತು. ಬರೆದಾಗ ಅದು ಒಳ್ಳೆಯ ವಿಮರ್ಶೆಯಷ್ಟೇ.

'ಲಾ-ಬಾ'ದ ಆರಂಭದಲ್ಲಿಯೇ ಒಂದು ಚಿತ್ರದ ವರ್ಣನೆಯಿದೆ. ಗ್ರ್ಯೂನೆವಾಲ್ಡನು ಬರೆದ ಶಿಲುಬೆಯ ಮೇಲಣ ಕ್ರಿಸ್ತ. ಇಂದು ಕಾರ್ಲ್ಸ್‌ರೂಹೆಯಲ್ಲಿರುವ ಆ ಚಿತ್ರವನ್ನು ಹ್ಯೂಸ್ಮಾನ್ಸನು 1888ರಲ್ಲಿ ಕಾಸೆಲ್ ನಗರದಲ್ಲಿ ನೋಡಿದ್ದನು. ಆ ದೇಹ ಸುಂದರವಾದುದಲ್ಲ. ಗಾಯ ಕೀವುಗಟ್ಟಿದ, ಬೆರಳು ಸೆಡೆತುಕೊಂಡ ಬಡವನ ಹೆಣ. ಆದರೂ ಅದರಿಂದ ದೈವತ್ವ ಹೊರಸೂಸುತ್ತದೆ. ದೇಹದ ಕೊಳೆಯನ್ನು ಒಂದಿಷ್ಟೂ ಮುಚ್ಚದೆ ಆತ್ಮದ ವಿಷಯವನ್ನು ಹೇಳಬಹುದೆಂಬುದನ್ನು ಅವನು ಕಲಿತುದು ಪಾದ್ರಿಗಳಿಂದಲ್ಲ, ಈ ಚಿತ್ರದಿಂದ. ಮುಂದಣ ಗ್ರಂಥಗಳ ಬೀಜ ಇಲ್ಲಿದೆ. ಸೈತಾನನ ಗದ್ದಲದಲ್ಲಿ ಆ ಕಾಲದ ಓದುಗರು ಈ ಪುಟಗಳನ್ನು ದಾಟಿಬಿಟ್ಟರೆಂದು ತೋರುತ್ತದೆ.

1891ರಲ್ಲಿ ಆಬೆ ಮ್ಯುನ್ಯೇ ಎಂಬ ಸರಳ ಹೃದಯದ, ಸಾಹಿತ್ಯಪ್ರಿಯನಾದ ಪಾದ್ರಿಯ ಪರಿಚಯವಾಯಿತು. ಮರುವರ್ಷದ ಜುಲೈ ತಿಂಗಳಲ್ಲಿ ಅವನ ಸಲಹೆಯಂತೆ ಹ್ಯೂಸ್ಮಾನ್ಸನು ರೇಂಸ್ ನಗರದ ಬಳಿಯ ಇನ್ಯಿ ಎಂಬ ಟ್ರಾಪಿಸ್ಟ್ ಮಠಕ್ಕೆ ಹೋಗಿ ಕೆಲವು ದಿನಗಳಿದ್ದು, ಪಾಪನಿವೇದನೆ ಮಾಡಿ, ಪರಮಪ್ರಸಾದವನ್ನು ಸ್ವೀಕರಿಸಿ ಬಂದನು. 'ಆಂ ರೂತ್' ಎಂದರೆ 'ಹಾದಿಯಲ್ಲಿ'. ಅದರ ಕಥೆಯೆಂಬುದು ಇಷ್ಟೇ. ಮೊದಲ ಭಾಗದಲ್ಲಿ ದುರ್ತಾಲನು ಪ್ಯಾರಿಸ್ಸಿನ ದೇವಾಲಯಗಳಲ್ಲಿ ಸುತ್ತುತ್ತಾನೆ. ಎರಡನೆಯದರಲ್ಲಿ ಮಠಕ್ಕೆ ಹೋಗಿ ಹಿಂದಿರುಗುತ್ತಾನೆ. ಮದುವೆಯಿಲ್ಲ, ಮರಣವಿಲ್ಲ, ಕುತೂಹಲ ಕೆರಳಿಸುವ ಪ್ರಸಂಗವೊಂದೂ ಇಲ್ಲ.

ಹಾಗಿದ್ದರೂ ಪುಸ್ತಕ ಓದುಗನನ್ನು ಹಿಡಿದು ನಿಲ್ಲಿಸುವುದೇಕೆ? ದುರ್ತಾಲನಿಗೆ ಯಾವ ಮಹಾದರ್ಶನವೂ ಆಗುವುದಿಲ್ಲ. ನಂಬಿಕೆ ಯಾವಾಗ ಬಂದಿತೆಂಬುದನ್ನು ಅವನೇ ಹೇಳಲಾರ. ಊಟ ಜೀರ್ಣವಾಗುವ ಹಾಗೆ ಅರಿವಿಲ್ಲದೆ ಒಳಗೆ ಕೆಲಸ ನಡೆದುಹೋಗಿದೆ. ಅವನನ್ನು ಸೆಳೆದುದು ಮೊದಲು ಕಲೆ: ಸಂ-ಸುಲ್ಪೀಸ್, ಸಂ-ಸೆವರೇನ್ ಮುಂತಾದ ದೇವಾಲಯಗಳಲ್ಲಿ ಕೇಳಿದ ಪ್ರಾಚೀನ ಗಾನ. ಬಳಿಕ, ತನ್ನ ಬಾಳಿನ ಮೇಲಣ ಜಿಗುಪ್ಸೆ. ಬುದ್ಧಿ ಒಪ್ಪಿದರೂ ದೇಹ ಒಪ್ಪದು. ಹಳೆಯ ಚಾಳಿ ಸಂಜೆಯಾದೊಡನೆ ಕೈಹಿಡಿದು ಜಗ್ಗುತ್ತದೆ. ಮಠಕ್ಕೆ ಹೊರಡುವ ಮುನ್ನ ಅವನನ್ನು ಕಾಡಿದ ಭಯಗಳಾದರೂ ಎಂಥವು! ನಡುರಾತ್ರಿ ಏಳಬೇಕಲ್ಲಾ, ಎಣ್ಣೆಯಲ್ಲಿ ಬೇಯಿಸಿದ ತರಕಾರಿ ಹೊಟ್ಟೆಗೆ ಒಗ್ಗೀತೇ, ತಂಬಾಕು ಸೇದಲು ಬಿಟ್ಟಾರೇ ಎಂಬುವು. ಮೋಕ್ಷದ ಬಾಗಿಲಲ್ಲಿ ನಿಂತು ಅಜೀರ್ಣದ ಚಿಂತೆ ಮಾಡುವ ಈ ಮನುಷ್ಯನನ್ನು ನಂಬದಿರುವುದು ಕಷ್ಟ. ಪಾಪನಿವೇದನೆಗೆ ಕುಳಿತಾಗ ಮೊದಲ ಸಲ ಅವನಿಗೆ ಮಾತೇ ಹೊರಡದೆ ಅಳು ಬರುತ್ತದೆ. ನಾಳೆ ಬಾರೆಂದು ಗುರು ಕಳುಹಿಸಿಕೊಡುತ್ತಾನೆ.

ಜಪಮಾಲೆಯ ಪ್ರಕರಣವೊಂದನ್ನು ವಿವರವಾಗಿ ಹೇಳುವುದು ಉಚಿತ. ಪ್ರಾಯಶ್ಚಿತ್ತವಾಗಿ ದಿನವೂ ಹತ್ತು ಮಣಿಗಳ ಜಪ ಮಾಡೆಂದು ಗುರು ವಿಧಿಸಿರುತ್ತಾನೆ. ದುರ್ತಾಲನು ಅದನ್ನು ಹತ್ತು ಮಾಲೆಗಳೆಂದು ತಿಳಿದು, ಗಂಟಲು ಒಣಗುವ ತನಕ ಎಣಿಸುತ್ತಾನೆ. ಇಷ್ಟು ಕಠಿನವಾದುದನ್ನು ವಿಧಿಸಿರಲಾರರೆಂದು ಒಂದು ದನಿ. ತಪ್ಪಿಸಿಕೊಳ್ಳಲು ನೆವ ಹುಡುಕುತ್ತಿರುವೆಯೆಂದು ಇನ್ನೊಂದು ದನಿ. ಎರಡರ ನಡುವೆ ಆತನಿಗೆ ನರಕಯಾತನೆ. ಕೊನೆಗೆ ವಿಚಾರಿಸಿದರೆ ಅದು ಹತ್ತೇ ಮಣಿಗಳ ಮಾತು! ನಗು ಬರಿಸುವ ಈ ಚಿಕ್ಕ ಸಂಗತಿಯಲ್ಲಿ, ಹೊಸ ಭಕ್ತನ ಮನಸ್ಸಿನಲ್ಲಿ ಅಹಂಕಾರವು ವಿನಯದ ವೇಷ ಹಾಕಿಕೊಂಡು ಬರುವ ಬಗೆಯನ್ನು ಗ್ರಂಥಕರ್ತನು ಎಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ್ದಾನೆ! ಒಮ್ಮೆ ತಾರಾಂಗಡಿಯ ನಾತವನ್ನೂ ಹರಕು ಪರದೆಯ ಕಲೆಯನ್ನೂ ಗುರುತಿಸಿದ ಕಣ್ಣೇ ಇದು. ಜೋಲಾನ ಪಾಠಶಾಲೆಯ ವಿದ್ಯೆಯನ್ನು ಅವನು ಮಠದ ಹೊರಗೆ ಬಿಟ್ಟುಬರಲಿಲ್ಲ.

ಇಂತಹ ಗ್ರಂಥಕ್ಕೆ ಸಿಕ್ಕ ಆದರ ವಿಚಿತ್ರವಾದುದು. ಸಾಹಿತಿಗಳಲ್ಲಿ ಅನೇಕರು ಇದೊಂದು ಹೊಸ ರುಚಿಯ ಬೇಟೆಯೆಂದರು. ನಿನ್ನೆ ಅತ್ತರು, ಇಂದು ಧೂಪ, ನಿನ್ನೆ ಸೈತಾನ, ಇಂದು ದೇವರು, ನಾಳೆ ಇನ್ನೇನೋ. ಪಾಲ್ ಕ್ಲೋದೆಲ್, ಫ್ರಾಂಸ್ವಾ ಕೊಪ್ಪೇ ಮೊದಲಾದವರೂ ಆ ತಲೆಮಾರಿನಲ್ಲಿ ಶ್ರದ್ಧೆಗೆ ಮರಳಿದ್ದರಿಂದ ಅದು ಕಾಲದ ಒಂದು ಷೋಕಿಯೆಂದು ಹೇಳುವುದೂ ಸುಲಭವಾಗಿತ್ತು. ಇತ್ತ ಕ್ಯಾಥೊಲಿಕ್ ಪಕ್ಷದ ಕೆಲವರ ಸಂಶಯ ಇದಕ್ಕಿಂತ ಕಟುವಾದುದು. ಪಶ್ಚಾತ್ತಾಪ ನಿಜವಾಗಿದ್ದರೆ ಹಳೆಯ ಪುಸ್ತಕಗಳನ್ನು ಏಕೆ ಹಿಂತೆಗೆದುಕೊಳ್ಳಲಿಲ್ಲ? ಕಾಮದ ಪೀಡೆಯನ್ನು ಇಷ್ಟು ಬಿಚ್ಚಿ ಬರೆಯುವುದೇಕೆ? ಪಾದ್ರಿಗಳ ಅಜ್ಞಾನವನ್ನೂ ಭಕ್ತರ ಅಭಿರುಚಿಹೀನತೆಯನ್ನೂ ಹಳಿಯಲು ಇವನಾರು? ಹಿಂದೆ ಸ್ನೇಹಿತನಾಗಿದ್ದ ಲೆಯೋಂ ಬ್ಲ್ವಾ, ತಾನೂ ಉಗ್ರ ಕ್ಯಾಥೊಲಿಕನು, ಇವನನ್ನು ಬಯ್ಯುವುದರಲ್ಲಿ ಯಾವ ನಾಸ್ತಿಕನಿಗೂ ಸೋಲಲಿಲ್ಲ. ಮ್ಯುನ್ಯೇ ಮಾತ್ರ ಅವನ ಪರವಾಗಿ ನಿಂತನು. 1899ರಲ್ಲಿ ಅವನ ಗ್ರಂಥಗಳಿಂದ ಆಯ್ದ ಭಾಗಗಳ ಸಂಪುಟಕ್ಕೆ ಮುನ್ನುಡಿಯನ್ನೂ ಬರೆದನು.

ನಾಸ್ತಿಕರೂ ಆಸ್ತಿಕರೂ ಇಲ್ಲಿ ಒಂದೇ ತಪ್ಪನ್ನು ಮಾಡಿದರು. ಇಬ್ಬರೂ ಪುಸ್ತಕವನ್ನು ಪಕ್ಕಕ್ಕಿಟ್ಟು ಮನುಷ್ಯನ ಮೇಲೆ ವಿಚಾರಣೆ ನಡೆಸಿದರು. ಅವನು ನಿಜವಾಗಿ ನಂಬಿದನೇ ಎಂಬುದು ಅವನ ಗುರುವಿಗೂ ಅವನ ದೇವರಿಗೂ ಸೇರಿದ ವ್ಯವಹಾರ. ಪುಸ್ತಕದಲ್ಲಿ ದುರ್ತಾಲನು ನಂಬಿದನೇ ಎಂಬುದಷ್ಟೇ ಓದುಗನ ಪಾಲಿಗೆ ಬಂದ ಪ್ರಶ್ನೆ. ಅದಕ್ಕೆ ಉತ್ತರ ಪುಟಪುಟದಲ್ಲಿದೆ. ಷೋಕಿಗೆ ಭಕ್ತನಾದವನು ತನ್ನ ಭಕ್ತಿ ಒಣಗಿದ ದಿನಗಳನ್ನು ಇಷ್ಟು ಬೇಸರದಿಂದ ಲೆಕ್ಕವಿಡುವುದಿಲ್ಲ. ಯಾವ ಪಕ್ಷಕ್ಕೂ ಸೇರದೆ ಸುಮ್ಮನೆ ಓದಿದವರೂ ಇದ್ದರು. ಅವರಲ್ಲಿ ಎಷ್ಟೋ ಮಂದಿ ಗ್ರಂಥಕರ್ತನಿಗೆ ಕಾಗದ ಬರೆದು ತಮ್ಮ ಸಂಕಟಗಳಿಗೆ ದಾರಿ ಕೇಳಿದರು. ಮುಂಗೋಪಿಯಾದ ಆ ಗುಮಾಸ್ತನಿಗೆ ಗುರುಪದವಿ ಬೇಕಿರಲಿಲ್ಲ.

ಆದರೆ ಅವನ ಪರವಾಗಿ ಹೇಳುವಾಗಲೂ ಮಿತಿಯಿರಬೇಕು. 1898ರ 'ಲಾ ಕಾತೆದ್ರಾಲ್' ಅವನ ಪುಸ್ತಕಗಳಲ್ಲಿಯೇ ಬಹಳ ಜನಪ್ರಿಯವಾಯಿತು. ಷಾರ್ತ್ರ್ ನಗರದ ಮಹಾದೇವಾಲಯದ ಕಲ್ಲು, ಗಾಜು, ವಿಗ್ರಹ, ಹೂವು, ಪ್ರಾಣಿ, ಬಣ್ಣ ಒಂದೊಂದರ ಸಂಕೇತಾರ್ಥವನ್ನೂ ಅದರಲ್ಲಿ ವಿವರಿಸಿದ್ದಾನೆ. ಯಾತ್ರಿಕರು ಕೈಪಿಡಿಯಂತೆ ಅದನ್ನು ಹಿಡಿದು ಷಾರ್ತ್ರಿಗೆ ಹೋದರು. ರೋಮಿನ ನಿಷಿದ್ಧಗ್ರಂಥಗಳ ಪಟ್ಟಿಗೆ ಅದನ್ನು ಸೇರಿಸಬೇಕೆಂಬ ಪ್ರಯತ್ನವೂ ನಡೆದು ವಿಫಲವಾಯಿತು. ವಿದ್ವತ್ತು ಅಪಾರ, ಗದ್ಯ ಪ್ರೌಢ. ಆದರೆ ಕಾದಂಬರಿ ಸತ್ತುಹೋಗಿದೆ. ದುರ್ತಾಲನ ಒಳಗೆ ಈಗ ಅವನೊಡನೆ ಜಗಳವಾಡುವವರು ಯಾರೂ ಉಳಿದಿಲ್ಲ. ಅವನು ಮಾತನಾಡುತ್ತಾನೆ, ಪಾದ್ರಿ ಕೇಳುತ್ತಾನೆ. ಪಾದ್ರಿ ಮಾತನಾಡುತ್ತಾನೆ, ಅವನು ಕೇಳುತ್ತಾನೆ. ಮನೆಗೆಲಸದ ಮುದುಕಿ ನಡುವೆ ಬಂದಾಗ ಓದುಗನಿಗೆ ಉಸಿರು ಬಂದಂತಾಗುತ್ತದೆ. ರತ್ನಗಳ ಪಟ್ಟಿಯನ್ನು ನೋಡಿದರೆ ದೆ ಜೆಸೇಂತನ ಆಮೆಯ ನೆನಪಾಗುವುದೂ ಸಹಜ. ನಕ್ಕ ಸಾಹಿತಿಗಳ ಮಾತಿನಲ್ಲಿ ಅಷ್ಟರಮಟ್ಟಿಗೆ ಸತ್ಯವಿತ್ತು. ಆದರೂ ಆ ವರ್ಷವೇ ಯುವಕ ಪಾಲ್ ವಲೇರಿ ದುರ್ತಾಲನ ವಿಷಯವಾಗಿ ಒಂದು ಪ್ರಬಂಧ ಬರೆದನು. ಆ ಮತಕ್ಕೆ ಸೇರದವನೊಬ್ಬನು ಈ ಪಾತ್ರವನ್ನು ಅಷ್ಟು ಗೌರವದಿಂದ ನೋಡಿದುದು ಗಮನಾರ್ಹ.

ಕೆಲಸದಿಂದ ನಿವೃತ್ತನಾದ ಮೇಲೆ ಹ್ಯೂಸ್ಮಾನ್ಸನು ಪ್ವಾತಿಯೇ ಬಳಿಯ ಲಿಗುಜೇ ಗ್ರಾಮದಲ್ಲಿ ಮನೆ ಕಟ್ಟಿಸಿ, ಅಲ್ಲಿನ ಬೆನೆಡಿಕ್ಟೈನ್ ಮಠದ ಗೃಹಸ್ಥ ಶಿಷ್ಯನಾದನು. 1901ರ ಕಾನೂನಿನಿಂದ ಮಠದವರು ದೇಶ ಬಿಡಬೇಕಾಯಿತು. ಅವನು ಪ್ಯಾರಿಸ್ಸಿಗೆ ಹಿಂದಿರುಗಿದನು. 1903ರ 'ಲೋಬ್ಲಾ' ಆ ಕಥೆ. ಅದೇ ವರ್ಷ 'ಆ ರಬೂರ್'ಗೆ ಹೊಸ ಮುನ್ನುಡಿ ಬರೆದು, ತನ್ನ ಮುಂದಿನ ಎಲ್ಲ ಗ್ರಂಥಗಳೂ ಅದರಲ್ಲಿ ಬೀಜರೂಪವಾಗಿದ್ದುವೆಂದೂ ದೇವರ ಕೃಪೆ ತನಗೆ ತಿಳಿಯದಂತೆ ನೆಲದೊಳಗೆ ಕೆಲಸ ಮಾಡುತ್ತಿತ್ತೆಂದೂ ಪ್ರತಿಪಾದಿಸಿದನು. ವಿಮರ್ಶಕರು ಈ ಮುನ್ನುಡಿಯನ್ನು ಶಾಸನದಂತೆ ಉದ್ಧರಿಸುವುದುಂಟು. ದಡ ಸೇರಿದವನಿಗೆ ನದಿಯ ಪ್ರತಿಯೊಂದು ತಿರುವೂ ದಡದ ಕಡೆಗೇ ಹರಿದಂತೆ ಕಾಣುತ್ತದೆ. 1884ರ ಪುಸ್ತಕಕ್ಕೆ ಆ ದಡ ಗೊತ್ತಿರಲಿಲ್ಲ, ಗೊತ್ತಿರದಿದ್ದುದೇ ಅದರ ಬಲ. 1906ರಲ್ಲಿ ಬಂದ ಲೂರ್ದ್ ಕ್ಷೇತ್ರದ ಪುಸ್ತಕದಲ್ಲಿಯೂ ಹಳೆಯ ಮುಂಗೋಪ ಹಾಗೆಯೇ ಇದೆ. ಅಲ್ಲಿ ರೋಗಗಳು ವಾಸಿಯಾಗುವುದನ್ನು ಜೋಲಾ ಒಪ್ಪಿರಲಿಲ್ಲ, ಇವನು ಒಪ್ಪಿದನು. ಆದರೆ ಅಲ್ಲಿನ ಕಟ್ಟಡ, ವಿಗ್ರಹಗಳ ಕುರೂಪವನ್ನು ಮಾತ್ರ ಸೈತಾನನ ಕೆಲಸವೆಂದು ಬಿಟ್ಟನು.

1907ರ ಮೇ 12ರಂದು ದವಡೆಯ ಅರ್ಬುದದಿಂದ ಅವನು ತೀರಿಕೊಂಡನು. ಸಂನ್ಯಾಸಿಯ ಉಡುಪಿನಲ್ಲಿ ಅವನನ್ನು ಹೂಳಿದರು. ಆ ದೀರ್ಘ ನೋವನ್ನು ತಾಳಿದ ರೀತಿಯನ್ನು ಕಂಡು ಅನೇಕ ಸಂಶಯಗ್ರಸ್ತರು ಬಾಯಿ ಮುಚ್ಚಿಕೊಂಡರು. ಇದು ಅವರಿಗೆ ಭೂಷಣವೇ. ಆದರೆ ಒಳ್ಳೆಯ ಓದಿಗೆ ಲಕ್ಷಣವಲ್ಲ. 'ಆಂ ರೂತ್' ಪ್ರಾಮಾಣಿಕವೆಂದು ತಿಳಿಯಲು ಗ್ರಂಥಕರ್ತನು ಹನ್ನೆರಡು ವರ್ಷಗಳ ಮೇಲೆ ನರಳಿ ಸಾಯಬೇಕಾಗಿತ್ತೇ?

ಈ ಹಳೆಯ ವ್ಯಾಜ್ಯ ಇನ್ನೂ ಮುಗಿದಿಲ್ಲ. 2015ರಲ್ಲಿ ಪ್ರಕಟವಾದ ಮಿಷೆಲ್ ವೆಲ್ಬೆಕ್‌ನ 'ಸುಮಿಸ್ಸಿಯೋಂ' ಕಾದಂಬರಿಯ ನಾಯಕ ಫ್ರಾಂಸ್ವಾ ಹ್ಯೂಸ್ಮಾನ್ಸನ ಮೇಲೆ ಪ್ರೌಢಪ್ರಬಂಧ ಬರೆದ ಅಧ್ಯಾಪಕ. ತನ್ನ ಗ್ರಂಥಕರ್ತನಿಗೆ ದೊರೆತುದು ತನಗೂ ದೊರೆತೀತೇ ಎಂದು ಅವನೂ ಲಿಗುಜೇ ಮಠಕ್ಕೆ ಹೋಗುತ್ತಾನೆ. ದುರ್ತಾಲನಿಗೆ ಟ್ರಾಪಿಸ್ಟರ ಮಠದ ತೋಪಿನಲ್ಲಿ, ಶಿಲುಬೆಯ ಆಕಾರದ ಕೊಳದ ಬಳಿ ಅಡ್ಡಾಡುತ್ತ ಸಿಗರೇಟು ಸೇದಲು ಯಾರ ಅಡ್ಡಿಯೂ ಇರಲಿಲ್ಲ. ನೀರಿನಲ್ಲಿ ನೀರುನಾಯಿಯೊಂದು ತಲೆಯೆತ್ತುವುದನ್ನು ನೋಡುವಷ್ಟು ಬಿಡುವಿತ್ತು. ಫ್ರಾಂಸ್ವಾನ ಕೊಠಡಿಯಲ್ಲಿ ಹೊಗೆಯನ್ನು ಪತ್ತೆ ಮಾಡುವ ಯಂತ್ರವೊಂದನ್ನು ಮೇಲೆ ಕೂಡಿಸಿದ್ದಾರೆ. ಅದರ ಕೆಂಪು ದೀಪವನ್ನು ನೋಡುತ್ತ ಸಿಡುಕಿಕೊಂಡು, ಅವನು ಬೇಗನೆ ಗಂಟುಕಟ್ಟಿ ಹೊರಟುಬಿಡುತ್ತಾನೆ.