ಆರು ಚಳಿಗಾಲಗಳ ಶಿಷ್ಯೆ

ಉಸ್ತಾದ್ ಜಾಕಿರ್ ಹುಸೇನ್ ಅವರು 2024ರ ಡಿಸೆಂಬರ್ 15ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ತೀರಿಕೊಂಡಾಗ ಪತ್ರಿಕೆಗಳೆಲ್ಲ ಅವರ ಚಿತ್ರವನ್ನು ಅಚ್ಚುಹಾಕಿದವು. ನಾನು ನೋಡಿದ ಪತ್ರಿಕೆಗಳಲ್ಲೆಲ್ಲ ಚಿತ್ರ ಹೆಚ್ಚುಕಡಮೆ ಒಂದೇ: ಕೊಡವಿದ ತಲೆ, ಹಾರಿದ ಗುಂಗುರುಕೂದಲು, ತುಂಬಿದ ನಗು. ಚಹದ ಜಾಹೀರಾತಿನಿಂದ ಮನೆಮನೆಗೂ ಪರಿಚಿತವಾಗಿದ್ದ ಮುಖವದು. ಆ ಚಿತ್ರ ಸುಳ್ಳೆಂದು ನಾನು ಹೇಳಲಾರೆ. ಆದರೆ ಅದು ಚಪ್ಪಾಳೆಯ ಕ್ಷಣದ ಚಿತ್ರ. ಚಪ್ಪಾಳೆಗೆ ಮೊದಲೂ ಆಮೇಲೂ ಆ ಮನುಷ್ಯ ಹೇಗಿದ್ದನೆಂಬುದನ್ನು ಅದು ತಿಳಿಸುವುದಿಲ್ಲ. ಅದನ್ನು ತಿಳಿಸುವ ಪುಸ್ತಕವೊಂದು ನನ್ನ ಕಪಾಟಿನಲ್ಲಿ ಕೆಲವು ವರ್ಷಗಳಿಂದ ಇತ್ತು. ಆ ವಾರ ಅದನ್ನು ಮತ್ತೆ ತೆಗೆದು ನೋಡಿದೆ. ಮೊದಲ ಸಲ ನೋಡಿದಾಗ ನಾನು ಅದಕ್ಕೆ ನ್ಯಾಯ ಸಲ್ಲಿಸಿರಲಿಲ್ಲವೆಂದು ಈಗ ತೋರುತ್ತದೆ. ಈ ಲೇಖನ ಒಂದು ಬಗೆಯಲ್ಲಿ ಆ ತಪ್ಪಿನ ತಿದ್ದುಪಡಿ.

ಪುಸ್ತಕದ ಹೆಸರು 'ಜಾಕಿರ್ ಹುಸೇನ್' ಎಂದಷ್ಟೆ. ಮಾಡಿದವರು ದಯಾನಿತಾ ಸಿಂಗ್. ಇಂದು ಅವರು ಲೋಕಪ್ರಸಿದ್ಧರು. 2022ರಲ್ಲಿ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿ ಅವರಿಗೆ ಸಂದಿತು. ಆದರೆ ಈ ಪುಸ್ತಕ ಮಾಡಿದಾಗ ಅವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಒಬ್ಬ ವಿದ್ಯಾರ್ಥಿನಿ. ಅವರು ಹುಟ್ಟಿದ್ದು 1961ರಲ್ಲಿ, ದೆಹಲಿಯಲ್ಲಿ. ಆ ಸಂಸ್ಥೆ ಸ್ಥಾಪನೆಯಾದದ್ದೂ ಅದೇ ವರ್ಷ. 1980ರಿಂದ 1986ರವರೆಗೆ ಅಲ್ಲಿ ಕಲಿತ ಆಕೆ, ಆ ಕಲಿಕೆಯ ಕೊನೆಗೆ ಚಿತ್ರಗಳನ್ನು ಹೊಂದಿಸಿ, ಮಾತುಕತೆಗಳಿಂದ ಆಯ್ದ ಮಾತುಗಳನ್ನು ಜೋಡಿಸಿ, ಕೈಯಾರೆ ಒಂದು ಮಾದರಿ ಪುಸ್ತಕ ಸಿದ್ಧಪಡಿಸಿದರು. 1986ರಲ್ಲಿ ಅದು ಅಚ್ಚಾಯಿತು. ಆ ಕೈಮಾದರಿಯನ್ನೇ ಯಥಾಪ್ರತಿಯಾಗಿ ಜರ್ಮನಿಯ ಸ್ಟೈಡಲ್ ಪ್ರಕಾಶನದವರು 2019ರಲ್ಲಿ ಮತ್ತೆ ಹೊರತಂದರು. ನನ್ನಲ್ಲಿರುವುದು ಈ ಎರಡನೆಯದು.

ಕಥೆ ಮೊದಲಾದದ್ದು ಒಂದು ಅವಮಾನದಿಂದ. ಅದನ್ನು ದಯಾನಿತಾ ಅವರೇ ಹಲವು ಕಡೆ ಹೇಳಿದ್ದಾರೆ. ತರಗತಿಯ ಪಾಠಕ್ಕಾಗಿ ಜಾಕಿರ್ ಅವರ ಕಚೇರಿಯ ಚಿತ್ರ ತೆಗೆಯಲು ಹೋದ ಹುಡುಗಿಯನ್ನು ವ್ಯವಸ್ಥಾಪಕರೊಬ್ಬರು ತಡೆದರು. ಆ ಗಡಿಬಿಡಿಯಲ್ಲಿ ಎಲ್ಲರೆದುರು ಆಕೆ ಬಿದ್ದಳು. ಕಚೇರಿ ಮುಗಿದ ಮೇಲೆ ಕಲಾವಿದನ ಬಳಿಗೆ ಹೋಗಿ, ಇಂದು ನಾನು ಬರಿಯ ವಿದ್ಯಾರ್ಥಿನಿ, ಮುಂದೊಂದು ದಿನ ದೊಡ್ಡ ಛಾಯಾಗ್ರಾಹಕಿಯಾಗುತ್ತೇನೆ, ಆಗ ನೋಡೋಣ ಎಂಬರ್ಥದ ಮಾತನ್ನು ಆಡಿಬಿಟ್ಟಳು. ಬೇರೆ ಯಾರಾದರೂ ಆಗಿದ್ದರೆ ನಕ್ಕು ಮುಂದೆ ಹೋಗುತ್ತಿದ್ದರೇನೋ. ಜಾಕಿರ್ ಆಕೆಯನ್ನು ಹತ್ತಿರ ಬಿಟ್ಟುಕೊಂಡರು. ಆಗ ಅವರಿಗೂ ವಯಸ್ಸು ಹೆಚ್ಚಲ್ಲ, ಹುಟ್ಟಿದ್ದು 1951ರಲ್ಲಿ. ಪದ್ಮಶ್ರೀ ಬಂದದ್ದೂ ಪುಸ್ತಕ ಹೊರಬಂದ ಮೇಲೆ, 1988ರಲ್ಲಿ. ಉತ್ತರ ಭಾರತದಲ್ಲಿ ಚಳಿಗಾಲ ಕಚೇರಿಗಳ ಕಾಲ. ಹೀಗೆ ಆರು ಚಳಿಗಾಲ ಆಕೆ ಸಂಗೀತಗಾರರ ಜೊತೆ ಊರೂರು ಸುತ್ತಿದಳು. ಕಾಲೇಜಿನ ಉಳಿದ ಪಾಠಗಳಿಗಿಂತ ಹೆಚ್ಚಿನ ಪಾಠ ಆ ಪ್ರಯಾಣಗಳಲ್ಲಿ ನಡೆಯಿತೆಂದು ಊಹಿಸುವುದು ಕಷ್ಟವಲ್ಲ. ಜಾಕಿರ್ ಅವರನ್ನು ಆಕೆ ತಮ್ಮ ಮೊದಲ ಗುರು ಎಂದೇ ಕರೆದಿದ್ದಾರೆ.

ಈ ಕಥೆಯನ್ನು ಕೇಳಿದ್ದರಿಂದಲೇ ನಾನು ಮೊದಲ ಸಲ ಎಡವಿದ್ದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ, ಮೆಚ್ಚಿದವಳ ಕಣ್ಣಿಗೆ ಮೆಚ್ಚಿನವನಲ್ಲಿ ಕೊರತೆ ಕಾಣುವುದುಂಟೆ? ಇದು ಭಕ್ತಿಯ ಆಲ್ಬಮ್, ವಿಮರ್ಶೆಗೆ ಇಲ್ಲಿ ಕೆಲಸವಿಲ್ಲ ಎಂದುಕೊಂಡು ಅರ್ಧ ಗಂಟೆಯಲ್ಲಿ ಪುಟಗಳನ್ನು ಮಗುಚಿ ಮುಚ್ಚಿಟ್ಟಿದ್ದೆ. ಪ್ರೀತಿ ಕುರುಡು ಎಂಬ ಮಾತನ್ನು ನಾವು ಎಷ್ಟು ಸಲ ಹೇಳಿದ್ದೇವೆಂದರೆ, ಅದನ್ನು ಪರೀಕ್ಷಿಸಿ ನೋಡುವ ಅಗತ್ಯವೇ ನಮಗೆ ಕಾಣುವುದಿಲ್ಲ. ಈ ಪುಸ್ತಕದಲ್ಲಿ ಆಗಿರುವುದು ಅದರ ಪರೀಕ್ಷೆ.

ತಬಲಾ ವಾದಕನ ಚಿತ್ರ ತೆಗೆಯುವುದೆಂದರೇನೆಂದು ಸ್ವಲ್ಪ ಯೋಚಿಸಬೇಕು. ಚಿತ್ರಕ್ಕೆ ಸದ್ದಿಲ್ಲ, ತಬಲಾದಲ್ಲಿ ಸದ್ದಲ್ಲದೆ ಬೇರೇನೂ ಇಲ್ಲ. ಗಾಯಕನಾದರೆ ಮುಖದಲ್ಲಿ ರಾಗದ ನೆರಳಾದರೂ ಸುಳಿದೀತು. ತಬಲಾದ ಜೀವ ಬೆರಳಲ್ಲಿದೆ. ಬೆರಳು ಓಡುವ ವೇಗಕ್ಕೆ ವೇದಿಕೆಯ ಮಂದ ಬೆಳಕು ಸಾಲದು. ಷಟರನ್ನು ನಿಧಾನವಾಗಿಟ್ಟರೆ ಬೆರಳು ಮಸುಕಾಗುತ್ತದೆ. ಚುರುಕಾಗಿಟ್ಟರೆ ಮುಖ ಕತ್ತಲಾಗುತ್ತದೆ. ಫ್ಲಾಷ್ ಬೆಳಗಿಸಿದರೆ ಕಲಾವಿದನಿಗೂ ಕೇಳುವವರಿಗೂ ಕಿರಿಕಿರಿ. ಅಂದಿನ ಫಿಲಂ ಒಂದು ಸುರುಳಿಗೆ 36 ಚಿತ್ರ. ಮುಗಿದರೆ ಹೊಸ ಸುರುಳಿ ಹಾಕುವಷ್ಟರಲ್ಲಿ ತಿಹಾಯಿ ಮುಗಿದಿರುತ್ತದೆ. ಮೇಲಾಗಿ ಆ ಕ್ಯಾಮರಾಗಳಿಗೆ ತಮ್ಮದೇ ಸದ್ದಿತ್ತು. ಸಭೆ ಉಸಿರು ಹಿಡಿದು ಕುಳಿತಿರುವಾಗ 'ಟಕ್' ಎಂದರೆ ನೂರು ತಲೆಗಳು ತಿರುಗುತ್ತವೆ. ಆದ್ದರಿಂದ ಸಮ್ ಎಲ್ಲಿ ಬೀಳುತ್ತದೆಂದು ಬಲ್ಲವರು ಮಾತ್ರ ಔಚಿತ್ಯ ಕೆಡದಂತೆ ಗುಂಡಿ ಒತ್ತಬಲ್ಲರು. ಕೇಳಲು ಕಲಿಯದೆ ಈ ಚಿತ್ರಗಳನ್ನು ತೆಗೆಯುವುದು ಸಾಧ್ಯವಿಲ್ಲ. ಮಾದರಿ ಪುಸ್ತಕದ ಹಾಳೆಗಳನ್ನು ಎರಡನೆಯ ಸಲ ತಿರುವುವಾಗ ನನಗೆ ಹೊಳೆದ ಮೊದಲ ಮಾತು ಇದು: ಇದು ನೋಡಿದವಳ ಪುಸ್ತಕವಲ್ಲ, ಕೇಳಿದವಳ ಪುಸ್ತಕ.

ಎರಡನೆಯ ಮಾತು ಇನ್ನೂ ಮುಖ್ಯವಾದುದು. ಇಲ್ಲಿ ವೇದಿಕೆಯ ಚಿತ್ರಗಳಿವೆ. ಆದರೆ ವೇದಿಕೆಯಿಂದ ಆಚೆಗಿನ ಬಾಳೂ ಇದೆ. ಮನೆ, ಮನೆಯವರು, ಪ್ರಯಾಣ, ಜೊತೆಯ ಕಲಾವಿದರು ಇದ್ದಾರೆ. ಇವನ್ನು ತೆಗೆದು, ಕಚೇರಿಯ ಚಿತ್ರಗಳನ್ನಷ್ಟೇ ಉಳಿಸಿದ್ದರೆ ಪುಸ್ತಕ ಹೆಚ್ಚು 'ಕಲಾತ್ಮಕ'ವಾಗುತ್ತಿತ್ತೆಂದು ಯಾರಾದರೂ ವಾದಿಸಬಹುದು. ನಾನು ಒಪ್ಪುವುದಿಲ್ಲ. ತೀನ್ ತಾಲದ 16 ಮಾತ್ರೆಗಳನ್ನು ನೆನೆಯಿರಿ. ಒಂಬತ್ತನೆಯ ಮಾತ್ರೆಯಲ್ಲಿ ಖಾಲಿ. ಅಲ್ಲಿ ಕೈ ತಟ್ಟುವುದಿಲ್ಲ, ಬೀಸುತ್ತೇವೆ. ಆ ಭಾಗದಲ್ಲಿ ಎಡಗೈಯ ಬಾಯಾದ ಗುಂಗು ಹಿಂದೆ ಸರಿಯುತ್ತದೆ. ಆ ಬರಿದು ಇರುವುದರಿಂದಲೇ ಕೇಳುವವನಿಗೆ ತಾನು ಆವರ್ತದಲ್ಲಿ ಎಲ್ಲಿದ್ದೇನೆಂದು ತಿಳಿಯುವುದು. ಸಮ್ ಬಂದಾಗ ತಲೆ ತಾನಾಗಿ ತೂಗುವುದು. ಎಲ್ಲ ಮಾತ್ರೆಗಳಲ್ಲೂ ಒಂದೇ ತೂಕದ ಪೆಟ್ಟು ಬಿದ್ದರೆ ತಾಲ ಹೋಗಿ ಗದ್ದಲ ಉಳಿಯುತ್ತದೆ. ದಯಾನಿತಾ ಅವರ ಪುಸ್ತಕದಲ್ಲಿ ದಿನನಿತ್ಯದ ಬದುಕಿನ ಚಿತ್ರಗಳು ಈ ಖಾಲಿಯ ಸ್ಥಾನದಲ್ಲಿವೆ. ಚಪ್ಪಾಳೆಯ ಚಿತ್ರಕ್ಕೆ ಅರ್ಥ ಬರುವುದು ಇವುಗಳಿಂದ.

ಮನೆಯ ಬದುಕನ್ನು ಚಿತ್ರಯೋಗ್ಯವೆಂದು ಬಗೆಯುವ ಈ ಬುದ್ಧಿ ಆಕೆಗೆ ಎಲ್ಲಿಂದ ಬಂತು? ತಾಯಿ ನೋನಿ ಸಿಂಗ್ ಅವರಿಗೆ ಚಿತ್ರ ತೆಗೆಯುವ ಗೀಳಿತ್ತು. ಮಕ್ಕಳು, ಬಂಧುಗಳು, ಪ್ರವಾಸಗಳು ಎಲ್ಲವನ್ನೂ ಅವರು ಹಿಡಿದಿಟ್ಟಿದ್ದರು. 2013ರಲ್ಲಿ ಅವೂ ಪುಸ್ತಕವಾಗಿ ಬಂದವು. ಕುಟುಂಬದ ಆಲ್ಬಮ್ ನೋಡಿ ಬೆಳೆದ ಮಗಳು ದೊಡ್ಡ ಕಲಾವಿದನನ್ನೂ ಒಂದು ಮನೆಯ ಮಗನಾಗಿ ಕಂಡಳೆಂದರೆ ಆಶ್ಚರ್ಯವೇನು? ಮತ್ತು ಆ ಮನೆಯಾದರೂ ಎಂಥದು! ತಂದೆ ಅಲ್ಲಾ ರಖಾ ಹಸುಗೂಸಿನ ಕಿವಿಯಲ್ಲಿ ಪ್ರಾರ್ಥನೆಗೆ ಬದಲು ತಬಲಾದ ಬೋಲುಗಳನ್ನು ಉಸುರಿದರೆಂದೂ, ಬಾಲಕನನ್ನು ಬೆಳಗಿನ ಮೂರು ಗಂಟೆಗೆ ಎಬ್ಬಿಸಿ ಆರರವರೆಗೆ ಪಾಠ ಹೇಳುತ್ತಿದ್ದರೆಂದೂ ಜಾಕಿರ್ ಅವರೇ ಹೇಳಿಕೊಂಡಿದ್ದಾರೆ. ಅಂಥ ಮನೆಯಲ್ಲಿ ಸಂಗೀತ ಬೇರೆ, ಸಂಸಾರ ಬೇರೆ ಎಂದು ಗೆರೆ ಎಳೆಯುವವರು ಯಾರು?

ಇನ್ನು ಪ್ರೀತಿಯ ಪ್ರಶ್ನೆ. ಆರಾಧನೆಗೆ ದೂರ ಬೇಕು; ಗರ್ಭಗುಡಿಯ ಹೊಸಿಲಿನಾಚೆ ನಿಂತು ಮಂಗಳಾರತಿಯ ಬೆಳಕಿನಲ್ಲಿ ನೋಡಿದಾಗ ಅದು ಬೆಳೆಯುತ್ತದೆ. ಪ್ರೀತಿಗೆ ಸಾಮೀಪ್ಯ ಬೇಕು, ಬೇಸರದ ಹೊತ್ತುಗಳೂ ಬೇಕು. ರೈಲಿನ ದೀರ್ಘ ಪ್ರಯಾಣ, ಶ್ರುತಿ ಕೂಡಿಸುವ ಕಾಯುವಿಕೆ, ತಡವಾದ ಊಟ, ಇವನ್ನು ಆರು ವರ್ಷ ಜೊತೆಗೆ ಕಳೆದವರಿಗೆ ಯಾರೂ ವಿಗ್ರಹವಾಗಿ ಉಳಿಯುವುದಿಲ್ಲ. ನಮ್ಮ ಪತ್ರಿಕೆಗಳ ಆ ಹಾರುಗೂದಲಿನ ಚಿತ್ರ ಆರಾಧನೆಯದು. ಈ ವಿದ್ಯಾರ್ಥಿನಿಯ ಚಿತ್ರಗಳು ಪ್ರೀತಿಯವು. ಇಲ್ಲಿ ಜಾಕಿರ್ ಸಣ್ಣವರಾಗಿಲ್ಲ. ಆದರೆ ನಮ್ಮಷ್ಟೇ ಎತ್ತರದವರಾಗಿ ಕಾಣುತ್ತಾರೆ.

ಕೊರತೆಗಳನ್ನು ಹೇಳದಿದ್ದರೆ ಈ ಬರೆಹವೂ ಆರತಿಯಾದೀತು. ಪುಸ್ತಕದಲ್ಲಿ ಚಿತ್ರ ತೆಗೆದವಳು ಬಹುಮಟ್ಟಿಗೆ ಚಿತ್ರದ ಹೊರಗೇ ನಿಲ್ಲುತ್ತಾಳೆ. 1980ರ ದಶಕದಲ್ಲಿ ಹರೆಯದ ಹುಡುಗಿಯೊಬ್ಬಳು ಕ್ಯಾಮರಾ ಹೊತ್ತು, ಬಹುತೇಕ ಗಂಡಸರೇ ಇದ್ದ ಸಂಗೀತದ ಬಳಗದ ಜೊತೆ ಊರೂರು ತಿರುಗಿದ್ದು ಸಾಮಾನ್ಯ ಸಂಗತಿಯಲ್ಲ. ಅದಕ್ಕೆ ಆಕೆ ತೆತ್ತ ಬೆಲೆ ಏನು, ಪಡೆದ ಸ್ವಾತಂತ್ರ್ಯ ಎಷ್ಟು ಎಂಬುದನ್ನು ನಾವು ಚಿತ್ರಗಳ ನಡುವಿನ ತೆರಪಿನಲ್ಲಿ ಊಹಿಸಿಕೊಳ್ಳಬೇಕು. ಕಲಾವಿದನ ಸಿಟ್ಟು, ಸೋಲು, ಕೈ ಕೊಟ್ಟ ಕಚೇರಿ ಇವೂ ನನಗೆ ಬೇಕೆನಿಸಿದವು. ಗುರುವಿನ ಮೇಲಿನ ಸಂಕೋಚ ಆಕೆಯ ಕೈ ಹಿಡಿದಿರಬೇಕು. ಕೆಲವು ಪುಟಗಳ ಹೊಂದಿಕೆಯಲ್ಲಿ ತರಗತಿಯ ಪಾಠದ ವಾಸನೆಯೂ ಇದೆ.

ಆದರೆ ಈ ಪುಸ್ತಕದ ನಿಜವಾದ ಫಲ ಪುಸ್ತಕದಿಂದಾಚೆ ಇದೆ. ಧಾರವಾಡ, ಹುಬ್ಬಳ್ಳಿಗಳ ಸಂಗೀತದ ಮನೆಗಳನ್ನು ಬಲ್ಲ ನಮ್ಮವರಿಗೆ ರಿಯಾಜ್ ಎಂದರೇನೆಂದು ಹೇಳಬೇಕಾಗಿಲ್ಲ. ಬೆರಳಿಗೆ ಬಂದದ್ದನ್ನು ಮತ್ತೆ ಸಾವಿರ ಸಲ ಬಾರಿಸುವ ತಾಳ್ಮೆ ಅದು. ದಯಾನಿತಾ ಅವರು ಜಾಕಿರ್ ಅವರಿಂದ ಕಲಿತದ್ದು ಈ ಏಕಾಗ್ರತೆಯನ್ನು ಎಂದು ಹೇಳಿಕೊಂಡಿದ್ದಾರೆ. ನ್ಯೂಯಾರ್ಕಿನಲ್ಲಿ ಛಾಯಾಗ್ರಹಣ ಕಲಿತು ಬಂದ ಮೇಲೆ, 1989ರಲ್ಲಿ, ಲಂಡನ್ನಿನ ಪತ್ರಿಕೆಯೊಂದಕ್ಕಾಗಿ ಅವರು ದೆಹಲಿಯ ಹಿಜಡಾ ಸಮುದಾಯದ ಮೋನಾ ಅಹಮದ್ ಅವರ ಚಿತ್ರ ತೆಗೆದರು. ಚಿತ್ರಗಳು ಲಂಡನ್ನಿನಲ್ಲಿ ಅಚ್ಚಾಗುತ್ತವೆಂದು ತಿಳಿದು ಮೋನಾ ಫಿಲಂ ವಾಪಸು ಕೇಳಿದರು. ಅಲ್ಲಿ ಅವರ ಬಂಧುಗಳಿದ್ದರು. ದಯಾನಿತಾ ಕೊಟ್ಟುಬಿಟ್ಟರು. ವೃತ್ತಿಯಲ್ಲಿ ಮೇಲೇರಬೇಕಾದ ಹೊತ್ತಿನಲ್ಲಿ ಸಿಕ್ಕ ಚಿತ್ರವನ್ನು ಬಿಟ್ಟುಕೊಡುವುದೆಂದರೆ ಸುಲಭವೇ? ಆ ಫಿಲಂ ಹೋಯಿತು, ಗೆಳೆತನ ಉಳಿಯಿತು. 2001ರಲ್ಲಿ 'ಮೈಸೆಲ್ಫ್ ಮೋನಾ ಅಹಮದ್' ಎಂಬ ಪುಸ್ತಕ ಬಂತು; ಅದರಲ್ಲಿ ಮಾತು ಮೋನಾ ಅವರದೇ. 2017ರಲ್ಲಿ ಮೋನಾ ತೀರಿಕೊಳ್ಳುವವರೆಗೂ ಆ ಸ್ನೇಹ ನಡೆಯಿತು. ಆರು ಚಳಿಗಾಲ ಕಾಯಲು ಕಲಿತಿರದಿದ್ದವರಿಗೆ ಆ ಫಿಲಂ ಮರಳಿಸುವ ಧೈರ್ಯ ಬರುತ್ತಿತ್ತೇ ಎಂದು ನಾನು ಕೇಳಿಕೊಳ್ಳುತ್ತೇನೆ.

ಇದನ್ನೆಲ್ಲ ಈಗ ಬರೆಯಲು ಇನ್ನೊಂದು ಕಾರಣವಿದೆ. ಈಚೆಗೆ ಬೆಂಗಳೂರಿನ ಯಾವ ಕಚೇರಿಗೆ ಹೋದರೂ, ತನಿ ಆವರ್ತನ ಮೊದಲಾಗುತ್ತಲೇ ನನ್ನ ಮುಂದಿನ ಸಾಲಿನಲ್ಲಿ ನಾಲ್ಕಾರು ಫೋನುಗಳು ಮೇಲೇಳುತ್ತವೆ. ಯಾರನ್ನೂ ದೂರುವ ಉದ್ದೇಶ ನನಗಿಲ್ಲ. ಒಮ್ಮೆ ನಾನೂ ಎತ್ತಿದ್ದೇನೆ. ಮನೆಗೆ ಬಂದು ನೋಡಿದಾಗ ಚಿತ್ರ ಚೆನ್ನಾಗಿಯೇ ಇತ್ತು. ಮೃದಂಗದವರು ಏನು ನುಡಿಸಿದರೆಂಬುದು ಮಾತ್ರ ನೆನಪಿರಲಿಲ್ಲ. 36 ಚಿತ್ರದ ಸುರುಳಿಯನ್ನು ಲೆಕ್ಕವಿಟ್ಟು ಖರ್ಚುಮಾಡುತ್ತಿದ್ದ ಕಾಲದ ವಿದ್ಯಾರ್ಥಿನಿಗೆ ಒತ್ತದೆ ಇರುವುದೂ ಒಂದು ವಿದ್ಯೆಯಾಗಿತ್ತು.

ಪುಸ್ತಕ ದುಬಾರಿಯಾದುದು, ಎಲ್ಲರೂ ಕೊಳ್ಳಿರೆಂದು ಹೇಳಲಾರೆ. ನಮ್ಮ ದೊಡ್ಡ ಗ್ರಂಥಾಲಯಗಳಾದರೂ ಒಂದೊಂದು ಪ್ರತಿ ತರಿಸಿಡಬಹುದು. ನಮ್ಮ ಸಂಗೀತಸಭೆಗಳ ಗೋಡೆಗಳ ಮೇಲೆ ಹಿಂದಿನ ವಿದ್ವಾಂಸರ ಚಿತ್ರಗಳಿವೆ: ಜರಿ ಶಾಲು, ಗಂಧ, ಕೊರಳ ತುಂಬ ಹಾರ. ಅವರು ಬೆಳಗಿನ ಜಾವ ಹೇಗೆ ಸಾಧನೆಗೆ ಕೂರುತ್ತಿದ್ದರು, ಬಸ್ಸಿಗೆ ಕಾಯುವಾಗ ಬೆರಳಿನಲ್ಲಿ ಏನನ್ನು ಎಣಿಸುತ್ತಿದ್ದರು ಎಂದು ಆ ಚಿತ್ರಗಳನ್ನು ಕೇಳಿದರೆ ಅವು ಹೇಳವು. ಇಂದು ನಮ್ಮ ನಡುವೆ ಇರುವ ಕಲಾವಿದರ ಮನೆಬಾಗಿಲಿಗೆ ಯಾವಳಾದರೂ ಹುಡುಗಿ ಕ್ಯಾಮರಾ ಹಿಡಿದು ಬಂದರೆ, ಅವಳನ್ನು ಒಳಗೆ ಕರೆದು ಕೂರಿಸಿರೆಂದು ಬೇಡಿಕೊಳ್ಳುತ್ತೇನೆ. ಅವಳೂ ಆರು ವರ್ಷ ಬರಲು ಸಿದ್ಧಳಾಗಿರಬೇಕು, ಅಷ್ಟೆ.