ಬಾಗಿಲ ಒಳಗೇ ಹುಟ್ಟಿದವರು

ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋಗುವ ದಾರಿಯಲ್ಲಿ ಯೇವಲಾ ಸಿಗುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಪೈಠಣಿ ಸೀರೆಯ ಊರು. 1935ರ ಅಕ್ಟೋಬರ್ 13ರಂದು ಅಂಬೇಡ್ಕರ್ ಅಲ್ಲಿ ಒಂದು ಮಾತು ಹೇಳಿದರು: ಹಿಂದೂವಾಗಿ ಹುಟ್ಟಿದ್ದು ತಮ್ಮ ಕೈಯಲ್ಲಿರಲಿಲ್ಲ, ಆದರೆ ಹಿಂದೂವಾಗಿ ಸಾಯುವುದಿಲ್ಲ ಎಂದು. ಅದೇ ದಾರಿಯ ಕೊನೆಯ ಊರು, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಔರಂಗಾಬಾದ್, ಅಬುಲ್ ಆಲಾ ಮೌದೂದಿ 1903ರಲ್ಲಿ ಹುಟ್ಟಿದ ಊರು. ಇಸ್ಲಾಂ ಬಿಟ್ಟವನಿಗೆ ಮರಣದಂಡನೆಯೇ ಸರಿ ಎಂದು ವಾದಿಸುವ, ಕಳೆದ ಶತಮಾನದ ಬಹುಚರ್ಚಿತ ಉರ್ದು ಪುಸ್ತಕವೊಂದು ಅವರದು. ಕೆಲಸದ ನಿಮಿತ್ತ ಈ ಎರಡು ನಗರಗಳ ನಡುವೆ ಓಡಾಡುವ ನಾನು ಆ ಪುಸ್ತಕವನ್ನೂ ಅಂಬೇಡ್ಕರರ ‘ಮುಕ್ತಿ ಕೋನ್ ಪಥೇ?’ ಭಾಷಣವನ್ನೂ ಜೊತೆಯಲ್ಲಿಟ್ಟು ಓದಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದ್ದರೆ ಕಾಣದೇ ಹೋಗುತ್ತಿದ್ದ ಸಂಗತಿಯೊಂದನ್ನು ಇಲ್ಲಿ ಹೇಳಬೇಕೆನಿಸಿದೆ.

ಮೌದೂದಿಯ ‘ಮುರ್ತದ್ ಕೀ ಸಜಾ ಇಸ್ಲಾಮೀ ಕಾನೂನ್ ಮೇಂ’ 1942-43ರಲ್ಲಿ ಅವರದೇ ‘ತರ್ಜುಮಾನುಲ್ ಕುರ್‌ಆನ್’ ಪತ್ರಿಕೆಯಲ್ಲಿ ಲೇಖನಗಳಾಗಿ ಬಂತು. ನಾನು ಓದಿದ್ದು ಅದರ ಇಂಗ್ಲಿಷ್ ಅನುವಾದ. ಬರವಣಿಗೆ ಎಲ್ಲೂ ತಡವರಿಸುವುದಿಲ್ಲ. ಎದುರಾಳಿಯ ಆಕ್ಷೇಪಗಳನ್ನು ತಾವೇ ಎತ್ತಿ ತಾವೇ ಉತ್ತರಿಸುತ್ತಾರೆ. ವಾದದ ತಿರುಳು ಇಷ್ಟು: ಇಸ್ಲಾಂ ಬರೀ ಖಾಸಗಿ ನಂಬಿಕೆಯಲ್ಲ, ಸಮಾಜವನ್ನೂ ರಾಜ್ಯವನ್ನೂ ಕಟ್ಟುವ ವ್ಯವಸ್ಥೆ, ಅದನ್ನು ಬಿಡುವುದು ರಾಜದ್ರೋಹಕ್ಕೆ ಸಮ. ಧರ್ಮದಲ್ಲಿ ಬಲವಂತ ಕೂಡದೆನ್ನುವ ಕುರ್‌ಆನಿನ ವಚನ (2:256) ಒಳಗೆ ಬರುವವನಿಗೆ ಸಂಬಂಧಿಸಿದ್ದು, ಹೊರಗೆ ಹೋಗುವವನಿಗಲ್ಲ.

ಇದು ಮೌದೂದಿ ಒಬ್ಬರೇ ಹುಟ್ಟಿಸಿದ ವಾದವಲ್ಲ. ಸುನ್ನಿ ಪಂಥದ ನಾಲ್ಕೂ ನ್ಯಾಯಶಾಖೆಗಳ ಸಾಂಪ್ರದಾಯಿಕ ನಿಲುವು ಮರಣದಂಡನೆಯ ಪರವೇ. ಹೆಂಗಸಿಗೆ ಮಾತ್ರ ಹನಫಿಗಳು ಮರಣದ ಬದಲು ಸೆರೆವಾಸ ಹೇಳುತ್ತಾರೆ. ಆದರೆ ಪರಂಪರೆಯಲ್ಲಿ ಬೇರೆ ದನಿಗಳೂ ಇವೆ. ಎಂಟನೇ ಶತಮಾನದ ಸುಫ್ಯಾನ್ ಅಲ್-ಸೌರಿಯಂಥವರು ಬಿಟ್ಟುಹೋದವನಿಗೆ ಮನಸ್ಸು ಬದಲಿಸಲು ಬದುಕಿರುವವರೆಗೂ ಅವಕಾಶ ಕೊಡಬೇಕೆಂದರು. ಪಾಕಿಸ್ತಾನದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಸ್. ಎ. ರಹಮಾನ್, ಕುರ್‌ಆನಿನಲ್ಲಿ ಇದಕ್ಕೆ ಇಹಲೋಕದ ಶಿಕ್ಷೆಯೇ ಇಲ್ಲವೆಂದು ತೋರಿಸಲು 1972ರಲ್ಲಿ ಒಂದು ಇಡೀ ಪುಸ್ತಕ ಬರೆದರು. ಹಾಗಾಗಿ ‘ಮುಸ್ಲಿಮರು ಹೀಗೇ’ ಎಂದು ಷರಾ ಬರೆಯಲು ಈ ಪುಸ್ತಕವನ್ನು ಬಳಸುವವರು ಅರ್ಧ ಓದಿದವರು.

ಪುಸ್ತಕ ನಿಜಕ್ಕೂ ಎಡವುವುದು ಹುಟ್ಟಿನ ಪ್ರಶ್ನೆಯಲ್ಲಿ. ವಾಪಸು ಹೋಗಲು ದಾರಿಯಿಲ್ಲವೆಂದು ತಿಳಿದೇ ಒಳಗೆ ಬಾ ಎಂದು ಬಾಗಿಲಾಚೆ ನಿಂತವನಿಗೆ ಹೇಳಬಹುದು. ಒಳಗೇ ಹುಟ್ಟಿದವನಿಗೆ ಏನು ಹೇಳುವುದು? ಅವನು ಯಾವ ಕರಾರಿಗೂ ಸಹಿ ಹಾಕಿಲ್ಲ. ಮೌದೂದಿಗೆ ಈ ತೊಡಕು ಗೊತ್ತಿತ್ತು. ಅವರ ಪರಿಹಾರ: ಇಸ್ಲಾಮೀ ರಾಜ್ಯ ಸ್ಥಾಪನೆಯಾದಾಗ ಹುಟ್ಟು ಮುಸ್ಲಿಮರಿಗೆ ಒಂದು ವರ್ಷದ ನೋಟಿಸ್ ಕೊಡುವುದು, ಹೋಗುವವರು ಆಗಲೇ ಹೋಗಲಿ, ಆಮೇಲೆ ಮುಸ್ಲಿಂ ಮನೆಯಲ್ಲಿ ಹುಟ್ಟಿದವರೆಲ್ಲ ಮುಸ್ಲಿಮರೇ. ನಮ್ಮ ಐಟಿ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ ಮುಗಿದರೆ ಹೊರಗೆ ಹೋಗುತ್ತೇವೆ. ಇಲ್ಲಿ ಅದು ಮುಗಿದರೆ ಬಾಗಿಲು ಮುಚ್ಚುತ್ತದೆ, ಮರುವರ್ಷ ಹುಟ್ಟುವ ಕೂಸಿನ ಮೇಲೂ. ಅಷ್ಟು ಬಿಗಿಯಾದ ತರ್ಕ ಇಲ್ಲಿಗೆ ಬಂದಾಗ ವಾದವಾಗಿ ಉಳಿಯುವುದಿಲ್ಲ, ಬರೀ ಅಪ್ಪಣೆಯಾಗುತ್ತದೆ.

ಹೊರಹೋಗಲು ಬಿಟ್ಟರೆ ಮನೆಯೇ ಕುಸಿಯುತ್ತದೆ ಎಂಬುದು ಅವರ ಭಯ. ಆದರೆ ಅವರು ಬರೆಯುವುದಕ್ಕೆ ಮೂರು ವರ್ಷ ಮೊದಲಷ್ಟೇ ಅವರ ಕಣ್ಣೆದುರಿನ ಭಾರತದಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆದಿತ್ತು. ಹನಫಿ ಕಾನೂನಿನಲ್ಲಿ ಹೆಂಗಸಿಗೆ ತಾನಾಗಿ ವಿಚ್ಛೇದನ ಪಡೆಯುವುದು ಬಹುತೇಕ ಅಸಾಧ್ಯ. ಧರ್ಮ ಬಿಟ್ಟರೆ ಮಾತ್ರ ಮದುವೆ ತಾನೇ ಮುರಿಯುತ್ತಿತ್ತು. ಬ್ರಿಟಿಷ್ ಆಳ್ವಿಕೆಯಲ್ಲಿ ಧರ್ಮತ್ಯಾಗಕ್ಕೆ ಶಿಕ್ಷೆಯಿರಲಿಲ್ಲ. ಹಾಗಾಗಿ, ವಿಶೇಷವಾಗಿ ಪಂಜಾಬಿನಲ್ಲಿ, ಗಂಡನಿಂದ ನೊಂದ ಹೆಂಗಸರು ಇಸ್ಲಾಂ ಬಿಡತೊಡಗಿದರು. ಉಲೇಮಾಗಳು ಬೆಚ್ಚಿದರು. ದೇವಬಂದ್ ಪಂಥದ ಅಶ್ರಫ್ ಅಲಿ ಥಾನವಿ 1930ರ ದಶಕದ ಆರಂಭದಲ್ಲಿ ‘ಅಲ್-ಹೀಲತುನ್ ನಾಜಿಝಾ’ ಬರೆದು, ಮಾಲಿಕಿ ಶಾಖೆಯ ಉದಾರ ನಿಯಮಗಳನ್ನು ಎರವಲು ತಂದರು. ಅದರ ಬೆನ್ನಿಗೇ ಬಂದದ್ದು 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ. ಧರ್ಮ ಬಿಟ್ಟ ಮಾತ್ರಕ್ಕೆ ಹೆಂಗಸಿನ ಮದುವೆ ಮುರಿಯದು ಎಂದ ಅದೇ ಕಾಯ್ದೆ, ಗಂಡನ ಕ್ರೌರ್ಯ, ನಾಪತ್ತೆ, ಜೀವನಾಂಶ ಕೊಡದಿರುವುದು ಮೊದಲಾದ ಕಾರಣಗಳಿಗೆ ಅವಳಿಗೆ ವಿಚ್ಛೇದನ ಕೊಟ್ಟಿತು. ಹಿಂಬಾಗಿಲು ತೆರೆದಿದ್ದರಿಂದಲೇ ಒಳಮನೆಯ ರಿಪೇರಿ ಆಯಿತು. ಧರ್ಮ ಬಿಟ್ಟವರ ಹೆಸರು ಯಾರಿಗೂ ನೆನಪಿಲ್ಲ, ಉಪಕಾರವಾದದ್ದು ಉಳಿದವರಿಗೆ.

ಅಂಬೇಡ್ಕರರ ಭಾಷಣ (ಮುಂಬಯಿ, 31 ಮೇ 1936) ಆರಂಭವಾಗುವುದೇ ಮೌದೂದಿ ಎಡವಿದ ಜಾಗದಿಂದ. ಹಿರಿಯರ ಧರ್ಮವನ್ನು ಬಿಡಬಾರದೆಂಬ ಆಕ್ಷೇಪವನ್ನು ಅವರೂ ಎತ್ತಿಕೊಳ್ಳುತ್ತಾರೆ. ಹುಟ್ಟು ಅವರಿಗೆ ಒಪ್ಪಿಗೆಯ ಸಹಿಯಲ್ಲ. ನಾಸಿಕದ ಕಾಳಾರಾಮ ದೇವಸ್ಥಾನದೆದುರು 1930ರ ಮಾರ್ಚ್‌ನಲ್ಲಿ ಶುರುವಾದ ಸತ್ಯಾಗ್ರಹ ವರ್ಷಗಟ್ಟಲೆ ನಡೆದರೂ ಬಾಗಿಲು ತೆರೆದಿರಲಿಲ್ಲ. ಒಳಕ್ಕೂ ಬಿಡದೆ, ಹೊರಕ್ಕೂ ಕಳಿಸದೆ ನಿಲ್ಲಿಸುವ ಧರ್ಮ ಯಾರದು ಎಂಬ ಪ್ರಶ್ನೆ ಆ ಭಾಷಣದ ಬೆನ್ನೆಲುಬು. ಆದರೂ ಅವರು ಅವಸರ ಮಾಡಲಿಲ್ಲ. ಯೇವಲಾದಿಂದ 1956ರ ನಾಗಪುರದವರೆಗೆ 21 ವರ್ಷ ಯೋಚಿಸಿದರು. ನಡುವೆ, 1950ರಲ್ಲಿ, ಮೌದೂದಿ ಹುಟ್ಟಿದ ಔರಂಗಾಬಾದಿನಲ್ಲೇ ಕಾಲೇಜು ಕಟ್ಟಿದರು. ಇಂದು ಅದು ಮಿಲಿಂದ್ ಕಾಲೇಜು.

ಈ ಓದು ಮುಸ್ಲಿಮರ ಕಡೆಗಷ್ಟೇ ಬೊಟ್ಟು ಮಾಡಿ ನಿಂತರೆ ಅಪ್ರಾಮಾಣಿಕವಾಗುತ್ತದೆ. ಮತಾಂತರವಾಗುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕರ್ನಾಟಕ 2022ರಲ್ಲಿ ಕಾಯ್ದೆ ಮಾಡಿತು. ಕತ್ತಿಗೂ ಅರ್ಜಿ ನಮೂನೆಗೂ ಅಜಗಜಾಂತರವಿದೆ, ಒಪ್ಪುತ್ತೇನೆ. ಆದರೆ ಹುಟ್ಟಿದ ಧರ್ಮದಲ್ಲಿ ಇರುವುದಕ್ಕೆ ಯಾರ ಅನುಮತಿಯೂ ಬೇಡ, ಬಿಡುವುದಕ್ಕೆ ಮಾತ್ರ ಸರ್ಕಾರಕ್ಕೆ ತಿಳಿಸಬೇಕು ಎಂಬ ಊಹೆ ಎರಡರಲ್ಲೂ ಒಂದೇ.

ಮೌದೂದಿಯನ್ನು ಓದಬೇಕು, ಮುಚ್ಚಿಡಬಾರದು. ಬಾಗಿಲು ಮುಚ್ಚುವವರ ತರ್ಕ ಎಷ್ಟು ಸುಸಂಬದ್ಧವಾಗಿರಬಲ್ಲದು, ಎಲ್ಲಿ ಸೋಲುತ್ತದೆ ಎರಡೂ ಅಲ್ಲಿ ಕಾಣುತ್ತವೆ. ಬಿಡಲು ಸಾಧ್ಯವಿದ್ದೂ ಬಿಡದೆ ಉಳಿದವನ ನಂಬಿಕೆಗೆ ಒಂದು ತೂಕವಿದೆ. ಬಾಗಿಲಿಗೆ ಚಿಲಕ ಹಾಕಿದವರು ಮೊದಲು ಕಸಿದುಕೊಳ್ಳುವುದು ಅವನ ಆ ತೂಕವನ್ನೇ.