ಕುಣಿಯುವುದು ಮತ್ತು ಕುಣಿಸುವುದು

ವಿಜಾಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಇಂಡಿಗೆ ಹೊರಳುವ ದಾರಿ ಕೂಡುವ ಕಡೆ, ಝಳಕಿ ಎಂಬ ಊರಿದೆ. ಪುಟ್ಟಣ್ಣ ಕಣಗಾಲರ 'ಗೆಜ್ಜೆಪೂಜೆ'ಯನ್ನು ನಾನು ಮೊದಲು ನೋಡಿದ್ದು ಆ ಊರ ಹೊರಗೆ ಹೂಡಿದ್ದ ಟೂರಿಂಗ್ ಟಾಕೀಸಿನ ತಂಬುವಿನಲ್ಲಿ. ಚಿತ್ರ 1969ರದು, ನಮ್ಮ ಸೀಮೆಗೆ ಬರುವಷ್ಟರಲ್ಲಿ ಅದಕ್ಕೆ ಒಂದೆರಡು ವರ್ಷ ವಯಸ್ಸಾಗಿತ್ತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಎಲ್ಲರೂ ನೆಲದ ಮೇಲೆ. ಹುಡುಗನಾದ ನನ್ನನ್ನು ನೆರೆಮನೆಯ ಆಯಿ ತನ್ನ ಮಗ್ಗುಲಲ್ಲಿ ಕೂರಿಸಿಕೊಂಡಿದ್ದಳು. ಆಟ ಮುಗಿದು ಕತ್ತಲಲ್ಲಿ ಮನೆಗೆ ನಡೆಯುವಾಗ ನಾನು ಬೇಸರದಿಂದ ಕೇಳಿದೆ:

"ಆಯೀ, ಗೆಜ್ಜಿಪೂಜಿ ಅಂತ ಹೆಸರಿಟ್ಟಾರ, ಕುಣಿತ ಭಾಳ ಇರ್ತದ ಅಂದ್ಕೊಂಡಿದ್ದೆ."

ಆಕೆ ಸ್ವಲ್ಪ ದೂರ ಸುಮ್ಮನೆ ನಡೆದಳು. ಆಮೇಲೆ ಅಂದಳು: "ಅದು ಕುಣಿಯೂದಲ್ಲೊ ತಮ್ಮಾ, ಕುಣಿಸೂದು."

ಆಕೆಯ ಕೊರಳಲ್ಲಿದ್ದ ಮಣಿಸರ ಎಲ್ಲಮ್ಮನ ಮುತ್ತು ಎಂಬುದೂ, ಅದನ್ನು ಕಟ್ಟಿದಾಗ ಆಕೆಗೆ ನನ್ನಷ್ಟೂ ವಯಸ್ಸಾಗಿರಲಿಲ್ಲ ಎಂಬುದೂ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂದಿನಿಂದ ಬೆಳ್ಳಿತೆರೆಯ ಮೇಲೆ ಯಾವ ನರ್ತಕಿ ಬಂದರೂ ಆ ಮಾತು ಕಿವಿಯಲ್ಲಿ ಕೇಳುತ್ತದೆ. ಇವಳು ಕುಣಿಯುತ್ತಿದ್ದಾಳೆಯೆ, ಇಲ್ಲವೆ ಇವಳನ್ನು ಕುಣಿಸುತ್ತಿದ್ದಾರೆಯೆ? ನೃತ್ಯದ ಮೂಲಕ ಹೆಣ್ಣಿನ ಬಾಳನ್ನು ಹೇಳಹೊರಟ ಚಿತ್ರಗಳನ್ನು ಅಳೆಯಲು ಇದಕ್ಕಿಂತ ನೇರವಾದ ಕೋಲು ನನಗೆ ಸಿಕ್ಕಿಲ್ಲ.

ನಮ್ಮ ಚಿತ್ರಗಳಲ್ಲಿ ನೃತ್ಯಕ್ಕೆ ಬಡತನವಿಲ್ಲ. ಬಿ. ಎಸ್. ರಂಗಾ ಅವರ 'ಅಮರಶಿಲ್ಪಿ ಜಕಣಾಚಾರಿ' (1964) ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, ಬಿ. ಸರೋಜಾದೇವಿ ಅದರಲ್ಲಿ ನರ್ತಕಿ. ಬೇಲೂರಿನ ಮದನಿಕೆಯರ ಚೆಲುವನ್ನು ಬಣ್ಣದಲ್ಲಿ ಕಾಣುವ ಹಿಗ್ಗು ಆ ಕಾಲದ ಪ್ರೇಕ್ಷಕರಿಗೆ ಸಹಜವಾಗಿಯೇ ಇತ್ತು. ಆದರೆ ಅಲ್ಲಿ ಶಿಲ್ಪಿಗೆ ಕಲೆ ತಪಸ್ಸು. ನರ್ತಕಿಗೆ ಕಲೆ ಅಪವಾದಕ್ಕೆ ದಾರಿ. ಗಂಡ ಅನುಮಾನಿಸಿ ದೂರವಾಗುತ್ತಾನೆ, ಹೆಂಡತಿ ಸಹಿಸುತ್ತಾಳೆ. ಇಂಥ ಪೌರಾಣಿಕ, ಐತಿಹಾಸಿಕ ಚಿತ್ರಗಳ ಆಸ್ಥಾನನೃತ್ಯಗಳನ್ನು ಗಮನಿಸಿ. ಕ್ಯಾಮೆರಾ ಎಲ್ಲಿ ಕುಳಿತಿರುತ್ತದೆ? ಬಹುಮಟ್ಟಿಗೆ ರಾಜನ ಸಿಂಹಾಸನದಲ್ಲಿ. ಅವನು ನೋಡಿದ್ದನ್ನೇ ನಾವೂ ನೋಡುತ್ತೇವೆ. ನೃತ್ಯ ಮುಗಿಯುವವರೆಗೆ ಕಥೆ ನಿಂತಿರುತ್ತದೆ, ಹೆಣ್ಣಿನ ಮನಸ್ಸೂ ನಿಂತಿರುತ್ತದೆ. ಕಾಲು ಮಾತ್ರ ನಡೆಯುತ್ತದೆ.

ಆ ಮನಸ್ಸನ್ನು ನಡೆಸಲು ಯತ್ನಿಸಿದ ಚಿತ್ರ, ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರ 1958ರ ಕಾದಂಬರಿಯನ್ನು ಆಧರಿಸಿ ವಿಜಯ್ ಆನಂದ್ ತೆಗೆದ 'ಗೈಡ್' (1965). ದೇವದಾಸಿಯ ಮಗಳಾದ ರೋಸಿಗೆ ವಿದ್ವಾಂಸನಾದ ಗಂಡ ನೃತ್ಯವನ್ನು ನಿಷೇಧಿಸಿದ್ದಾನೆ. ಅವನಿಗೆ ಕಲ್ಲಿನ ಗುಹೆಗಳಲ್ಲಿ ಹೆಣ್ಣಿನ ಭಂಗಿಗಳು ಬೇಕು, ಮನೆಯಲ್ಲಿ ಬೇಡ! ವಹೀದಾ ರೆಹಮಾನ್ ಅಂಗಡಿಯಲ್ಲಿ ಗೆಜ್ಜೆ ಕೊಳ್ಳುವ ಸನ್ನಿವೇಶ ನೋಡಿದವರು ಮರೆಯಲಾರರು. ಆ ಒಂದು ಗಳಿಗೆ ಗೆಜ್ಜೆ ಬಿಡುಗಡೆಯ ಗುರುತಾಗುತ್ತದೆ. ಆದರೆ ಬಿಡುಗಡೆ ಮಾಡಿಸಿದ ರಾಜುವೇ ಆಕೆಯ ಕಾರ್ಯಕ್ರಮಗಳ ಲೆಕ್ಕ ಹಿಡಿದು ಕೂರುತ್ತಾನೆ. ಗಂಡ ಕುಣಿಯಬೇಡ ಎಂದ. ಪ್ರಿಯಕರ ಇನ್ನೂ ಕುಣಿ ಎಂದ. ಆಕೆ ಎಷ್ಟು ಕುಣಿಯಬೇಕೆಂದು ಆಕೆಯನ್ನು ಯಾರೂ ಕೇಳಲಿಲ್ಲ. ಕಾದಂಬರಿಯಲ್ಲಿ ವೇದಿಕೆಗೆ ಬರುವ ಮುಂಚೆ ರೋಸಿ ನಳಿನಿಯಾಗಬೇಕಾಗುತ್ತದೆ. ಕಲೆ ಸಭ್ಯರ ಸಭೆಗೆ ಬರಬೇಕಾದರೆ ತಾಯಿ ಇಟ್ಟ ಹೆಸರನ್ನು ಹೊಸಿಲಾಚೆಯೇ ಬಿಟ್ಟು ಬರಬೇಕು.

ಎಂ. ಕೆ. ಇಂದಿರಾ ಅವರ ಕಾದಂಬರಿಯಿಂದ ಬಂದ 'ಗೆಜ್ಜೆಪೂಜೆ' ಹೊಸಿಲಿನ ಆಚೆಗೆ ನಿಂತ ಆ ಮನೆಯೊಳಕ್ಕೇ ನಮ್ಮನ್ನು ಕರೆದೊಯ್ಯುತ್ತದೆ. ಹಿರಿಮೆ ಇಲ್ಲಿದೆ. ಗೆಜ್ಜೆ ಕಟ್ಟುವುದು ಕಲಾವಿದೆಗೆ ವಿದ್ಯಾರಂಭ. ಈ ಮನೆಯಲ್ಲಿ ಅದು ಹುಡುಗಿಯನ್ನು ಕಸುಬಿಗೆ ಒಪ್ಪಿಸುವ ಶಾಸ್ತ್ರ. ಪೂಜೆ ಎಂಬ ಮಾತೂ ಗೆಜ್ಜೆ ಎಂಬ ಮಾತೂ ಒಂದಕ್ಕೊಂದು ಸೇರಿ ಎಂಥ ಕ್ರೌರ್ಯಕ್ಕೆ ಹೆಸರಾಗಬಲ್ಲವು ಎಂಬುದನ್ನು ಪುಟ್ಟಣ್ಣ ಕೂಗಾಡದೆ ತೋರಿಸಿದರು. ಓದಿ, ಎಲ್ಲರಂತೆ ಮದುವೆಯಾಗಿ, ಎಲ್ಲರಂತೆ ಬಾಳಬೇಕೆಂದು ಬಯಸುವ ಚಂದ್ರಾಳ ಪಾತ್ರದಲ್ಲಿ ಕಲ್ಪನಾ, ಆಕೆಯ ತಾಯಿಯಾಗಿ ಲೀಲಾವತಿ - ಇವರಿಬ್ಬರ ಮುಖಗಳೇ ಈ ಚಿತ್ರದ ನಿಜವಾದ ರಂಗಮಂಟಪ. ಇಲ್ಲಿ ಅಭಿನಯವಿರುವುದು ಕಾಲಿನಲ್ಲಲ್ಲ, ಕಣ್ಣಿನಲ್ಲಿ. ಚಿತ್ರಕಥೆಗಾಗಿ ಪುಟ್ಟಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ ಸರಿ.

ಆದರೂ ನನ್ನದೊಂದು ತಕರಾರಿದೆ. ಅದು ವರ್ಷಗಳು ಕಳೆದಂತೆ ಬಲಿತಿದೆಯೇ ಹೊರತು ಕರಗಿಲ್ಲ. ಚಂದ್ರಾ ಕೊನೆಗೆ ಗೆಜ್ಜೆಪೂಜೆಗೆ ಒಪ್ಪಿ, ಆ ದಿನವೇ ಸಾವನ್ನು ಆರಿಸಿಕೊಳ್ಳುತ್ತಾಳೆ. ನಾವು ಕಣ್ಣೊರೆಸಿಕೊಂಡು ಹೊರಗೆ ಬರುತ್ತೇವೆ. ಅಳು ಬಂದದ್ದು ಸುಳ್ಳಲ್ಲ. ಆದರೆ ಈ ಸಾವಿನಿಂದ ನಿರಾಳವಾದವರು ಯಾರು? ಚಂದ್ರಾ ಕಳಂಕವಿಲ್ಲದೆ ಸತ್ತಳು. ಆದ್ದರಿಂದ ನಮ್ಮ ಕಣ್ಣೀರಿಗೆ ಯೋಗ್ಯಳಾದಳು. ಗೆಜ್ಜೆ ಕಟ್ಟಿಸಿಕೊಂಡೂ ಬದುಕಿ ಉಳಿದವಳ ಪಾಡೇನು? ಅಂದು ತಂಬುವಿನಲ್ಲಿ ನನ್ನ ಮಗ್ಗುಲಲ್ಲಿ ಕುಳಿತಿದ್ದವಳು ಅಂಥವಳು. ಆಕೆ ಸಾಯಲಿಲ್ಲ. ಜೋಳದ ಹೊಲದಲ್ಲಿ ಕೂಲಿ ಮಾಡಿದಳು, ಮಕ್ಕಳನ್ನು ಸಾಕಿದಳು, ಚೌಡಿಕೆಯ ದನಿ ಕೇಳಿದರೆ ಹಾಡುತ್ತಿದ್ದಳು. ಆಕೆಗೆ ಆ ಚಿತ್ರದಲ್ಲಿ ಜಾಗವಿರಲಿಲ್ಲ.

ಇದು ಒಬ್ಬ ನಿರ್ದೇಶಕನ ತಪ್ಪಲ್ಲ. ಹಿಂದಿನ ಲೆಕ್ಕ ಬಹಳ ದೊಡ್ಡದು. ಮೈಸೂರು ಸಂಸ್ಥಾನ 1909ರಲ್ಲಿ ದೇವಾಲಯದ ದೇವದಾಸಿ ಸೇವೆಯನ್ನು ನಿಲ್ಲಿಸಿತು. ನಮ್ಮ ವಿಜಾಪುರ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಮದರಾಸಿನಲ್ಲಿ 1947ರಲ್ಲಿ ಕಾನೂನುಗಳು ಬಂದವು. ಬರಬೇಕಾದ ಕಾನೂನುಗಳೇ. ಆದರೆ ದೇವಾಲಯದಿಂದ ಹೊರಬಿದ್ದ ಕಲೆಗೆ ಸಭಾಂಗಣದಲ್ಲಿ ಪೀಠ ದೊರೆತಷ್ಟು ಸುಲಭವಾಗಿ, ಹೊರಬಿದ್ದ ಹೆಂಗಸಿಗೆ ಊರಿನಲ್ಲಿ ಮಣೆ ದೊರೆಯಲಿಲ್ಲ. ಅದರ ಮೇಲೆ, ನಮ್ಮ ಸೀಮೆಯಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಬಡ ದಲಿತ ಹುಡುಗಿಯರಿಗೆ ಭರತನ ಶಾಸ್ತ್ರವನ್ನು ಯಾರೂ ಕಲಿಸಿರಲಿಲ್ಲ. ಅವರ ಪಾಲಿಗೆ ಬಂದದ್ದು ಕಲೆಯಲ್ಲ, ಕಟ್ಟು ಮಾತ್ರ. ಕರ್ನಾಟಕದ 1982ರ ನಿಷೇಧ ಕಾಯಿದೆಯ ನಂತರವೂ, 2007-08ರ ಸರಕಾರಿ ಸಮೀಕ್ಷೆ ರಾಜ್ಯದಲ್ಲಿ 46,660 ದೇವದಾಸಿಯರನ್ನು ಲೆಕ್ಕಕ್ಕೆ ತೆಗೆದುಕೊಂಡಿತು.

ಬದುಕಿ ಉಳಿದವಳ ಕಡೆಗೆ ಕ್ಯಾಮೆರಾ ತಿರುಗಿದರೆ ಏನು ಕಾಣುತ್ತದೆ ಎಂಬುದಕ್ಕೆ ಒಂದು ನಿದರ್ಶನ ಸತ್ಯಜಿತ್ ರಾಯ್ ಅವರ 'ಬಾಲಾ' (1976). ಅರ್ಧ ಗಂಟೆಯನ್ನು ಸ್ವಲ್ಪ ಮೀರಿದ ಸಾಕ್ಷ್ಯಚಿತ್ರ. ಬಾಲಸರಸ್ವತಿ ದೇವದಾಸಿ ಪರಂಪರೆಯ ಮನೆತನದವರು. ವೀಣೆ ಧನಮ್ಮಾಳ್ ಅವರ ಅಜ್ಜಿ, ಹಾಡುತ್ತಿದ್ದ ಜಯಮ್ಮಾಳ್ ತಾಯಿ. ಆ ಹಿನ್ನೆಲೆಗೆ ಅವರು ನಾಚಲಿಲ್ಲ. ಶೃಂಗಾರವನ್ನು ತೊಳೆದು ಶುದ್ಧಿ ಮಾಡಲು ಒಪ್ಪಲಿಲ್ಲ. ರಾಯ್ 1966ರಲ್ಲೇ ತೆಗೆಯಬೇಕೆಂದಿದ್ದ ಚಿತ್ರ ಕೈಗೂಡುವಷ್ಟರಲ್ಲಿ ಅವರಿಗೆ 58 ವರ್ಷ. ಕಡಲತಡಿಯಲ್ಲಿ ಅವರು ನಮ್ಮ ವ್ಯಾಸರಾಯರ ಕೃಷ್ಣನ ದೇವರನಾಮಕ್ಕೆ ಅಭಿನಯಿಸುತ್ತಾರೆ. ಗಾಳಿ ಸೀರೆಯನ್ನು ಎಳೆದಾಡುತ್ತದೆ; ತುಂಬಿದ ಮೈ, ವಯಸ್ಸಾದ ಮುಖ. ಬಯಲೊಂದೇ ರಂಗ. ಕರೆದರೂ ಬಾರದ ಮಗುವನ್ನು ತಾಯಿ ಕರೆಯುತ್ತಾಳೆ. ಇಲ್ಲಿ ಸಿಂಹಾಸನವಿಲ್ಲ, ರಾಜನಿಲ್ಲ, ಕರುಣೆಗೆ ಕೈಚಾಚುವ ಕಥೆಯಿಲ್ಲ. ನನ್ನ ಆಯಿಯ ಮಾತಿನಲ್ಲಿ ಹೇಳುವುದಾದರೆ, ಈಕೆಯನ್ನು ಯಾರೂ ಕುಣಿಸುತ್ತಿಲ್ಲ, ಈಕೆ ಕುಣಿಯುತ್ತಿದ್ದಾಳೆ.

ರಾಯ್ ಅವರ ಚಿತ್ರ ತಡವಾಗಿ ಬಂದಿತೆಂದು, ನರ್ತಕಿಯ ಯೌವನ ತಪ್ಪಿಹೋಯಿತೆಂದು ಕೊರಗುವವರಿದ್ದಾರೆ. ತಡವಾದದ್ದೇ ಒಳ್ಳೆಯದಾಯಿತೆಂದು ನನ್ನ ಭಾವನೆ. ಯೌವನವಿದ್ದರೆ ನಾವು ಮೈ ನೋಡುತ್ತಿದ್ದೆವು; ಈಗ ಬಾಳನ್ನು ನೋಡುತ್ತೇವೆ.

ಕನ್ನಡಕ್ಕೆ ಇಂಥ ವಸ್ತುವಿನ ಕೊರತೆಯೆ? ಲಂಬಾಣಿ ತಾಂಡಾದಲ್ಲಿ 1906ರಲ್ಲಿ ಹುಟ್ಟಿ, ಜಟ್ಟಿ ತಾಯಮ್ಮನವರಲ್ಲಿ ಕಲಿತು, ಮೈಸೂರು ಅರಮನೆಯ ಕಲಾವಿದೆಯಾಗಿ, ಆಮೇಲೆ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ, 2002ರವರೆಗೆ ಬಾಳಿದ ಕೆ. ವೆಂಕಟಲಕ್ಷಮ್ಮನವರ ಬದುಕು ಒಂದು ಮಹಾಚಿತ್ರಕ್ಕೆ ಸಾಲದೆ? ಹುಬ್ಬಿನ ಒಂದು ಕದಲಿಕೆಯಲ್ಲಿ ಒಂದು ಪದದ ಅರ್ಥ ಹೇಳುವ ಮೈಸೂರು ಶೈಲಿಯ ಅಭಿನಯವನ್ನು ಸಭಾಂಗಣದ ಹಿಂದಿನ ಸಾಲಿನವರು ಕಾಣುವುದು ಕಷ್ಟ. ಹತ್ತಿರದಿಂದ ನೋಡಬಲ್ಲ ಕ್ಯಾಮೆರಾಕ್ಕೆ ಅದು ಕೈಗೆಟುಕುವ ಹಣ್ಣು. ಆದರೆ ಹತ್ತಿರ ಹೋಗುವುದೆಂದರೆ ಮಸೂರವನ್ನು ಬದಲಿಸುವುದಷ್ಟೇ ಅಲ್ಲ. ಎದುರಿಗಿರುವವಳ ಮಾತು ಮುಗಿಯುವವರೆಗೆ ಕಾಯುವುದು.

ಝಳಕಿಯ ಆ ಬಯಲಿನಲ್ಲಿ ಈಗ ತಂಬು ಇಲ್ಲ. ಹೆದ್ದಾರಿಯಲ್ಲಿ ಲಾರಿಗಳು ನಿಲ್ಲದೆ ಹೋಗುತ್ತವೆ. ಆಯಿಯೂ ಇಲ್ಲ. ಅಂದು ರಾತ್ರಿ ಆಕೆ ಸುಮ್ಮನೆ ನಡೆದ ಆ ಸ್ವಲ್ಪ ದೂರವನ್ನು ನಾನು ಮತ್ತೆ ಮತ್ತೆ ನಡೆದಿದ್ದೇನೆ. ಅಲ್ಲಿ ಆಕೆ ಏನೇನು ನೆನೆದಳೋ, ಅದನ್ನು ತೋರಿಸುವ ಚಿತ್ರ ಬಂದ ದಿನ ಮೊದಲ ಆಟಕ್ಕೆ ನಾನು ಹೋಗುತ್ತೇನೆ.